ಟೀ ಶರ್ಟ್‌ಗೆ ಯಾವ ಪ್ರಿಂಟ್ ಹಾಕಿಸಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಹತ್ತಿರ ಬಂತು ಅಂದರೆ ನಮ್ಮ ಅಂಗಡಿ ಫೋನಿಗೆ ಬಿಡುವೇ ಇರುವುದಿಲ್ಲ. "ಅಣ್ಣಾ, ನವೆಂಬರ್ ಒಂದಕ್ಕೆ ಟೀ ಶರ್ಟ್ ಬೇಕು. ಕಪ್ಪು ಬಟ್ಟೆ, ಹಳದಿ ಕೆಂಪು ಅಕ್ಷರ. ಎಷ್ಟಾಗುತ್ತೆ?" ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಬಟ್ಟೆ ಯಾವುದು? ಎಷ್ಟು ಪೀಸ್? ಡಿಸೈನ್ ಎಲ್ಲಿ? ರೇಟ್ ಹೇಳೋಕೆ ಇಷ್ಟೆಲ್ಲ ಬೇಕಾ ಅಂತ ಕೆಲವರಿಗೆ ಬೇಜಾರು. ಬೇಕು. ಯಾಕೆ ಅನ್ನುವುದನ್ನು ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಒಟ್ಟು ಎಷ್ಟು ಬಗೆಯ ಪ್ರಿಂಟ್ ಇವೆ?

ಅಂಗಡಿಗಳಲ್ಲಿ ನಿಮ್ಮ ಕಿವಿಗೆ ಬೀಳುವುದು ಆರು ಹೆಸರು. ಜಾಲರಿಯ ಮೂಲಕ ಇಂಕ್ ಎಳೆದು ಹಾಕುವುದು ಸ್ಕ್ರೀನ್ ಪ್ರಿಂಟ್. ಫಿಲ್ಮ್ ಮೇಲೆ ಮುದ್ರಿಸಿ, ಅಂಟಿನ ಪುಡಿ ಹಾಕಿ, ಬಟ್ಟೆಗೆ ಒತ್ತುವುದು ಡಿಟಿಎಫ್. ಬಟ್ಟೆಯನ್ನೇ ಪ್ರಿಂಟರ್ ಒಳಗಿಟ್ಟು ಕಾಗದದ ಮೇಲೆ ಮುದ್ರಿಸಿದ ಹಾಗೆ ಮುದ್ರಿಸುವುದು ಡಿಟಿಜಿ. ಬಿಸಿಗೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಇಳಿಯುವುದು ಸಬ್ಲಿಮೇಷನ್. ಬಣ್ಣದ ಹಾಳೆ ಕತ್ತರಿಸಿ ಅಂಟಿಸುವುದು ವಿನೈಲ್. ದಾರದಲ್ಲಿ ಹೊಲಿಯುವುದು ಎಂಬ್ರಾಯ್ಡರಿ.

ಇದರಲ್ಲಿ ಯಾವುದು ಬೆಸ್ಟ್ ಅಂತ ಕೇಳಬೇಡಿ. ದೋಸೆಗೆ ಬೇರೆ ಕಾವಲಿ, ಪಡ್ಡಿಗೆ ಬೇರೆ ಕಾವಲಿ.

ಹಾಗಾದರೆ ಮೊದಲು ಏನು ನೋಡಬೇಕು?

ಬಟ್ಟೆ. ಎಲ್ಲರೂ ಡಿಸೈನ್ ಹಿಡಿದು ಬರುತ್ತಾರೆ, ಬಟ್ಟೆಯನ್ನು ಕೊನೆಗೆ ಯೋಚಿಸುತ್ತಾರೆ. ಅಲ್ಲೇ ಅರ್ಧ ಕೆಲಸ ಕೆಡುತ್ತದೆ. ಬಟ್ಟೆ ಕಾಟನ್ ಆದರೆ ಸಬ್ಲಿಮೇಷನ್ ಆಗುವುದಿಲ್ಲ. ಪಾಲಿಯೆಸ್ಟರ್ ಆದರೆ ಡಿಟಿಜಿ ನೆಟ್ಟಗೆ ಕೂರುವುದಿಲ್ಲ. ತೆಳು ಬಟ್ಟೆ ಆದರೆ ಎಂಬ್ರಾಯ್ಡರಿ ಸುತ್ತ ಸುಕ್ಕು ಬೀಳುತ್ತದೆ. ಬಟ್ಟೆ ಗೊತ್ತಾದ ತಕ್ಷಣ ಆರರಲ್ಲಿ ಎರಡು ಮೂರು ತಾನಾಗಿಯೇ ಬಿದ್ದುಹೋಗುತ್ತವೆ.

"ಕಾಟನ್ ಅಂತ ಹೇಳಿ ಕೊಟ್ಟಿದ್ದಾರೆ" ಅಂದರೆ ನಾನು ನಂಬುವುದಿಲ್ಲ. ಒಳಗಿನ ಹೊಲಿಗೆಯಿಂದ ಬಟ್ಟೆಯ ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸುತ್ತೇನೆ. ಹೊಲಿದ ದಾರ ಬೇಡ, ಅದು ಎಷ್ಟೋ ಸಲ ಪಾಲಿಯೆಸ್ಟರ್ ಆಗಿರುತ್ತದೆ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಉಜ್ಜಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ, ಆರಿದ ಮೇಲೆ ಗಟ್ಟಿ ಮಣಿ ಆಗುತ್ತದೆ. ಎರಡೂ ಸ್ವಲ್ಪ ಸ್ವಲ್ಪ ಕಂಡರೆ ಅದು ಮಿಕ್ಸ್. ಮನೆಯಲ್ಲಿ ನೀವೂ ಮಾಡಬಹುದು. ಸಿಂಕ್ ಹತ್ತಿರ ಮಾಡಿ, ಮಕ್ಕಳು ದೂರ ಇರಲಿ.

ಜಿಎಸ್‌ಎಂ ಅಂದರೇನು? ಎಷ್ಟು ತಗೊಳ್ಳಲಿ?

ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ದುಂಡು ಕತ್ತಿನ ಮಾಮೂಲಿ ಟೀ ಶರ್ಟ್‌ಗೆ 180 ಸಾಕು. 140, 150ಕ್ಕೆ ಇಳಿದರೆ ಬಿಳಿ ಬಟ್ಟೆಯಲ್ಲಿ ಒಳಗಿನ ಬನಿಯನ್ ಕಾಣುತ್ತದೆ. ಈಗಿನ ಹುಡುಗರು ಕೇಳುವ ದೊಗಲೆ ಓವರ್‌ಸೈಜ್‌ಗೆ 220, 240 ಚೆನ್ನ. ಬಯೋ ವಾಶ್ ಆದ, ಅಂದರೆ ಎಂಜೈಮ್ ಹಾಕಿ ಒಗೆದ ಬಟ್ಟೆ ಕೇಳಿ. ಮೇಲಿನ ಜುಂಗು ಹೋಗಿರುವುದರಿಂದ ಪ್ರಿಂಟ್ ಅಂಚು ಚೊಕ್ಕವಾಗಿ ಬರುತ್ತದೆ.

ಸ್ಕ್ರೀನ್ ಪ್ರಿಂಟ್ ಹಳೇ ಕಾಲದ್ದಲ್ವಾ? ಈಗಲೂ ಯಾಕೆ?

ಹಳೇದು ನಿಜ. ಆದರೆ ನೂರಾರು ಪೀಸ್, ಒಂದೆರಡು ಬಣ್ಣ ಅಂದರೆ ಇವತ್ತಿಗೂ ಅದನ್ನು ಮೀರಿಸುವುದು ಕಷ್ಟ.

ಕೆಲಸ ಹೀಗೆ. ಚೌಕಟ್ಟಿಗೆ ಬಿಗಿಯಾಗಿ ಕಟ್ಟಿದ ಜಾಲರಿ ಬಟ್ಟೆಗೆ ಎಮಲ್ಷನ್ ಬಳಿದು ಕತ್ತಲಲ್ಲಿ ಒಣಗಿಸುತ್ತಾರೆ. ನಿಮ್ಮ ಡಿಸೈನನ್ನು ಪಾರದರ್ಶಕ ಹಾಳೆಯಲ್ಲಿ ಕಪ್ಪಾಗಿ ತೆಗೆದು (ಇದಕ್ಕೆ ಪಾಸಿಟಿವ್ ಅನ್ನುತ್ತಾರೆ) ಅದರ ಮೇಲಿಟ್ಟು ಲೈಟ್ ಬಿಡುತ್ತಾರೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ, ಕಪ್ಪು ಮರೆ ಮಾಡಿದ ಕಡೆ ಮೆತ್ತಗೇ ಉಳಿಯುತ್ತದೆ. ನೀರು ಹಾಯಿಸಿದರೆ ಮೆತ್ತಗಿದ್ದದ್ದು ತೊಳೆದು ಹೋಗಿ ಅಕ್ಷರದ ಆಕಾರದಲ್ಲಿ ಜಾಲರಿ ತೆರೆದುಕೊಳ್ಳುತ್ತದೆ. ಆಮೇಲೆ ಟೀ ಶರ್ಟ್ ಮೇಲೆ ಇಟ್ಟು, ಇಂಕ್ ಸುರಿದು, ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿಯಲ್ಲಿ ಒಂದು ಸಲ ಎಳೆದರೆ ಪ್ರಿಂಟ್ ಬಿತ್ತು.

ಸ್ಕ್ರೀನ್ ತಯಾರು ಮಾಡುವುದೇ ಹೊತ್ತು. ಒಮ್ಮೆ ತಯಾರಾದರೆ ಹತ್ತನೆಯದಕ್ಕೂ ಐನೂರನೆಯದಕ್ಕೂ ಅದೇ ಒಂದು ಎಳೆತ. ಬಣ್ಣವನ್ನು ಡಬ್ಬದಲ್ಲೇ ಕಲಸುವುದರಿಂದ ನಿಮಗೆ ಬೇಕಾದ ಕುಂಕುಮದ ಕೆಂಪನ್ನೇ ತರಬಹುದು. ನಾಲ್ಕು ಬಣ್ಣದ ಚುಕ್ಕಿಯಲ್ಲಿ ಕೂಡಿಸುವ ಪ್ರಿಂಟರ್‌ಗೆ ಆ ಗಾಢ ಬಣ್ಣ ಯಾವಾಗಲೂ ಸಿಗುವುದಿಲ್ಲ.

ಹಳದಿ, ಕೆಂಪು ಎರಡೇ ಬಣ್ಣ. ಮೂರು ಸ್ಕ್ರೀನ್ ದುಡ್ಡು ಯಾಕೆ ಕೇಳುತ್ತೀರಿ?

ರಾಜ್ಯೋತ್ಸವದ ಹೊತ್ತಲ್ಲಿ ದಿನಕ್ಕೆ ನಾಲ್ಕು ಸಲ ಬರುವ ಪ್ರಶ್ನೆ. ಬಟ್ಟೆ ಕಪ್ಪು. ಕಪ್ಪಿನ ಮೇಲೆ ನೇರವಾಗಿ ಹಳದಿ ಎಳೆದರೆ ಅರಿಶಿನ ಬರುವುದಿಲ್ಲ, ಪಾಚಿ ಬರುತ್ತದೆ. ಹಸಿರು ಹಸಿರಾಗಿ ಕಾಣುತ್ತದೆ. ಅದಕ್ಕೆ ಮೊದಲು ಬಿಳಿ ಎಳೆದು, ಹೀಟರ್ ಹಿಡಿದು ಮೇಲ್ಮೈ ಒಣಗಿಸಿ, ಅದರ ಮೇಲೆ ಹಳದಿ, ಆಮೇಲೆ ಕೆಂಪು ಎಳೆಯುತ್ತೇವೆ. ಬಿಳಿ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದಕ್ಕೂ ಒಂದು ಸ್ಕ್ರೀನ್, ಒಂದು ಎಳೆತ ಬೇಕು. ಖರ್ಚು ಇಳಿಸಬೇಕಾ? ಹಳದಿ ಬಟ್ಟೆಯನ್ನೇ ತಗೊಂಡು ಕೆಂಪಿನಲ್ಲಿ ಮಾತ್ರ ಅಕ್ಷರ ಹಾಕಿಸಿ. ಒಂದೇ ಸ್ಕ್ರೀನ್ ಸಾಕು.

ಇದೇ ಮಾತಿಗೆ ಇನ್ನೊಂದು. ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಪ್ರತಿ ವರ್ಷ ಒಬ್ಬರಾದರೂ ತಿರುವುಮುರುವು ಫೈಲ್ ಕಳಿಸುತ್ತಾರೆ. ನಾವು ನೋಡಿ ಸರಿ ಮಾಡಿಸುತ್ತೇವೆ. ಕನ್ನಡ ಬಾರದ ಯೂನಿಟ್‌ಗೆ ಕೊಟ್ಟಿದ್ದರೆ ಹಾಗೇ ಅಚ್ಚಾಗಿ ಬರುತ್ತದೆ, ನೆನಪಿರಲಿ.

ಎಷ್ಟು ಪೀಸ್ ಇದ್ದರೆ ಸ್ಕ್ರೀನ್, ಎಷ್ಟಿದ್ದರೆ ಡಿಟಿಎಫ್?

ಲೆಕ್ಕ ಹಾಕಿ ನೋಡೋಣ. ಒಂದು ಸ್ಕ್ರೀನ್‌ಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರು ಸ್ಕ್ರೀನ್‌ಗೆ 1500. ಹತ್ತು ಟೀ ಶರ್ಟ್ ಮಾಡಿಸಿದರೆ ಒಂದೊಂದರ ಮೇಲೆ 150 ರೂಪಾಯಿ ಬರೀ ಸ್ಕ್ರೀನ್ ಖರ್ಚು. ಮುನ್ನೂರು ಮಾಡಿಸಿದರೆ ಒಂದಕ್ಕೆ 5 ರೂಪಾಯಿ. ಡಿಟಿಎಫ್‌ನಲ್ಲಿ ಸ್ಕ್ರೀನ್ ಖರ್ಚೇ ಇಲ್ಲ. ಮೊದಲನೆಯದಕ್ಕೂ ಮುನ್ನೂರನೆಯದಕ್ಕೂ ಹೆಚ್ಚೂ ಕಡಿಮೆ ಅದೇ ರೇಟ್. ಈ ಎರಡು ಖರ್ಚು ಎಲ್ಲಿ ಸಮ ಆಗುತ್ತವೋ ಅಲ್ಲಿ ಲಾಭ ಪಲ್ಟಿ ಹೊಡೆಯುತ್ತದೆ. ಆ ಜಾಗ ನಿಮ್ಮ ಊರಿನ ರೇಟ್ ಮೇಲೆ, ಬಣ್ಣ ಎಷ್ಟು ಅನ್ನುವುದರ ಮೇಲೆ ನಿಂತಿದೆ. ಎರಡೂ ಕೊಟೇಶನ್ ತರಿಸಿ.

ನನ್ನ ಅಂದಾಜು ಹೇಳಲೇಬೇಕು ಅಂದರೆ: 20ರ ಒಳಗೆ ಸ್ಕ್ರೀನ್ ಯೋಚನೆ ಬೇಡ. 100ರ ಮೇಲೆ, ಮೂರು ಬಣ್ಣದ ಒಳಗೆ, ಡಿಟಿಎಫ್ ಯೋಚನೆ ಬೇಡ. ನಡುವೆ ಇರುವವರು ಫೋನ್ ಮಾಡಿ.

ರಬ್ಬರ್ ಪ್ರಿಂಟ್, ಪಿಗ್ಮೆಂಟ್, ಪ್ಲಾಸ್ಟಿಸಾಲ್ ಅಂತ ಏನೇನೋ ಹೇಳುತ್ತಾರೆ. ಇವೂ ಬೇರೆ ಮೆಷಿನ್ನಾ?

ಅಲ್ಲ. ಎಲ್ಲವೂ ಸ್ಕ್ರೀನ್ ಪ್ರಿಂಟೇ, ಇಂಕ್ ಬೇರೆ ಬೇರೆ. ಪಿಗ್ಮೆಂಟ್ ಬಟ್ಟೆಯೊಳಗೆ ಇಳಿಯುತ್ತದೆ. ಕೈಯಾಡಿಸಿದರೆ ಪ್ರಿಂಟ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ತಿಳಿ ಬಣ್ಣದ ಬಟ್ಟೆಗೆ ಮಾತ್ರ. ರಬ್ಬರ್ ಮೇಲೆ ಕೂರುತ್ತದೆ, ಬಟ್ಟೆ ಎಳೆದರೆ ತಾನೂ ಎಳೆಯುತ್ತದೆ, ಕಪ್ಪು ಬಟ್ಟೆಗೂ ಆಗುತ್ತದೆ. ಪ್ಲಾಸ್ಟಿಸಾಲ್‌ನಲ್ಲಿ ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್ ಇರುತ್ತದೆ. ಗಾಳಿಗೆ ಒಣಗುವುದೇ ಇಲ್ಲ. ಸುಮಾರು 160 ಡಿಗ್ರಿ ಬಿಸಿ ತಾಗಿದರೆ ಮಾತ್ರ ಗಟ್ಟಿಯಾಗುತ್ತದೆ. ಬಣ್ಣ ಮಾತ್ರ ಕಣ್ಣು ಕುಕ್ಕುವ ಹಾಗೆ ಬರುತ್ತದೆ.

ನನಗೆ ಇಷ್ಟವಾದದ್ದು ಡಿಸ್ಚಾರ್ಜ್. ಇದು ಬಟ್ಟೆಗೆ ಬಣ್ಣ ಬಳಿಯುವುದಕ್ಕಿಂತ ಮೊದಲು ಬಟ್ಟೆಯ ಬಣ್ಣವನ್ನೇ ತೆಗೆಯುತ್ತದೆ. ಕಪ್ಪು ಕಾಟನ್ ಮೇಲೆ ಹಾಕಿ ಬಿಸಿ ಕೊಟ್ಟರೆ ಆ ಜಾಗದ ಕಪ್ಪು ಹೋಗಿ ಹೊಸ ಬಣ್ಣ ಎದ್ದು ಬರುತ್ತದೆ. ಎಷ್ಟು ಮೆತ್ತಗೆ ಅಂದರೆ ನೂಲೇ ಆ ಬಣ್ಣದ್ದೇನೋ ಅನ್ನಬೇಕು. ಹಾಗಂತ ಎಲ್ಲ ಕಪ್ಪೂ ಬಿಟ್ಟುಕೊಡುವುದಿಲ್ಲ. ಒಂದೇ ಅಂಗಡಿಯ ಎರಡು ಲಾಟ್‌ನಲ್ಲಿ ಒಂದು ಕೆನೆ ಬಣ್ಣಕ್ಕೆ ಬರುತ್ತದೆ, ಇನ್ನೊಂದು ಕಂದಿಗೆ ನಿಲ್ಲುತ್ತದೆ. ಕೆಲಸ ಮಾಡುವಾಗ ಘಾಟು ವಾಸನೆ. ಒಮ್ಮೆ ಒಗೆಯದೆ ಹಾಕಿಕೊಳ್ಳಬೇಡಿ.

ಡಿಟಿಎಫ್ ಎಲ್ಲ ಬಟ್ಟೆಗೂ ಆಗುತ್ತಲ್ಲ, ಅದನ್ನೇ ಹಾಕಿಸಿದರೆ ಆಯ್ತಲ್ವಾ?

ಆಗುತ್ತದೆ. ಕಾಟನ್, ಪಾಲಿಯೆಸ್ಟರ್, ಮಿಕ್ಸ್, ಕಪ್ಪು, ಬಿಳುಪು, ಏನಾದರೂ ಸರಿ. ಬಣ್ಣಕ್ಕೂ ಲೆಕ್ಕ ಇಲ್ಲ. ಫೋಟೊ ಹಾಕಬಹುದು. ಫಿಲ್ಮ್ ಮೇಲೆ ಬಣ್ಣ, ಅದರ ಮೇಲೆ ಬಿಳಿ, ಅದು ಹಸಿ ಇರುವಾಗಲೇ ಅಂಟಿನ ಪುಡಿ ಉದುರಿಸಿ ಕರಗಿಸುವುದು. ಆಮೇಲೆ 150, 160 ಡಿಗ್ರಿ ಬಿಸಿಯಲ್ಲಿ ಹತ್ತು ಹದಿನೈದು ಸೆಕೆಂಡ್ ಒತ್ತಿ ಫಿಲ್ಮ್ ಎಳೆದು ತೆಗೆಯುವುದು. ಒಂದು ಪೀಸ್ ಬೇಕು ಅಂತ ಬಂದವರಿಗೆ ಸಂಜೆಯೊಳಗೆ ಕೊಡಬಹುದು. ಅದಕ್ಕೇ ಎಲ್ಲ ಊರಲ್ಲೂ ಇದರ ಬೋರ್ಡ್.

ತಕರಾರು ಎಲ್ಲಿ ಅಂದರೆ ಅದು ಬಟ್ಟೆಯ ಮೇಲೆ ಅಂಟಿದ ಪದರ. ಎದೆ ತುಂಬ ಒಂದಡಿ ಚೌಕದ ಫೋಟೊ ಹಾಕಿಸಿ, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಹಾಕಿಕೊಂಡು ನೋಡಿ. ಗಾಳಿಯಾಡದೆ ಆ ಜಾಗದಲ್ಲೇ ಬೆವರು ಇಳಿಯುತ್ತದೆ. ಡಿಸೈನ್‌ನಲ್ಲಿ ಬಿಡುವು ಇರಲಿ. ಚೌಕ ತುಂಬುವ ಬದಲು ಹಿನ್ನೆಲೆ ತೆಗೆದುಹಾಕಿ. ಅಕ್ಷರಗಳ ನಡುವೆ ಬಟ್ಟೆ ಉಸಿರಾಡಲಿ.

ಉಳಿತಾಯಕ್ಕೆ ಒಂದು ದಾರಿ ಇದೆ. ಡಿಟಿಎಫ್ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ದೊಡ್ಡ ಡಿಸೈನ್‌ಗಳ ನಡುವೆ ಖಾಲಿ ಉಳಿಯುವ ಜಾಗದಲ್ಲಿ ತೋಳಿನ ಲೋಗೊ, ಕತ್ತಿನ ಲೇಬಲ್ ಎಲ್ಲ ಜೋಡಿಸಿ ಕಳಿಸಿ. ಖಾಲಿ ಫಿಲ್ಮ್‌ಗೂ ದುಡ್ಡು ಕೊಡುತ್ತೀರಿ, ಸುಮ್ನೆ ಯಾಕೆ ಬಿಡಬೇಕು?

ಡಿಟಿಜಿ, ಡಿಟಿಎಫ್ ಎರಡೂ ಒಂದೇನಾ?

ಒಂದಕ್ಷರ ಬೇರೆ, ಕೆಲಸ ಪೂರ್ತಿ ಬೇರೆ. ಡಿಟಿಜಿಯಲ್ಲಿ ಫಿಲ್ಮ್ ಇಲ್ಲ, ಅಂಟು ಇಲ್ಲ. ಇಂಕ್ ನೇರ ನೂಲಿಗೆ ಇಳಿಯುತ್ತದೆ. ಬಿಳಿ ಕಾಟನ್ ಮೇಲೆ ಫೋಟೊ ಹಾಕಿಸಲು ಇದಕ್ಕಿಂತ ಮೆತ್ತನೆಯದು ಇಲ್ಲ. ಕಪ್ಪು ಬಟ್ಟೆಗೆ ಮೊದಲು ಒಂದು ದ್ರಾವಣ ಸಿಂಪಡಿಸಿ, ಬಿಸಿಗೆ ಒತ್ತಿ, ಆಮೇಲೆ ಬಿಳಿ ಇಂಕ್, ಆಮೇಲೆ ಬಣ್ಣ. ಹೊಸ ಟೀ ಶರ್ಟ್‌ನಲ್ಲಿ ಪ್ರಿಂಟ್ ಸುತ್ತ ಚೌಕಾಕಾರದ ಕಲೆ ಕಂಡರೆ ಅದೇ ದ್ರಾವಣ. ಸಾಮಾನ್ಯವಾಗಿ ಮೊದಲ ಒಗೆತಕ್ಕೆ ಹೋಗುತ್ತದೆ. ಮೆಷಿನ್ ದುಬಾರಿ ಆದ್ದರಿಂದ ಸಣ್ಣ ಊರುಗಳಲ್ಲಿ ಸಿಗುವುದು ಕಡಿಮೆ. ಆನ್‌ಲೈನ್‌ನಲ್ಲಿ ಒಂದೊಂದೇ ಪೀಸ್ ಮಾಡಿಕೊಡುವವರಲ್ಲಿ ಜಾಸ್ತಿ.

ಊರಿನ ಕ್ರಿಕೆಟ್, ಕಬಡ್ಡಿ ತಂಡಕ್ಕೆ ಜರ್ಸಿ ಬೇಕು.

ಸಬ್ಲಿಮೇಷನ್. ಎರಡು ಮಾತಿಲ್ಲ. ಬಿಳಿ ಪಾಲಿಯೆಸ್ಟರ್ ಬಟ್ಟೆಗೆ ಡಿಸೈನ್, ಹೆಸರು, ನಂಬರ್, ಪ್ರಾಯೋಜಕರ ಲೋಗೊ ಎಲ್ಲವನ್ನೂ ಕಾಗದದಿಂದ ಸುಮಾರು 200 ಡಿಗ್ರಿಯಲ್ಲಿ ಇಳಿಸಿ, ಆಮೇಲೆ ಹೊಲಿಯುತ್ತಾರೆ. ಬಣ್ಣ ಎಳೆಯೊಳಗೇ ಸೇರಿರುವುದರಿಂದ ಸುಲಿಯಲು, ಬಿರಿಯಲು ಅಲ್ಲಿ ಏನೂ ಇಲ್ಲ. ಪ್ರತಿಯೊಬ್ಬನಿಗೂ ಬೇರೆ ಹೆಸರು ಅಂದರೂ ಜಾಸ್ತಿ ಖರ್ಚಿಲ್ಲ. ಮ್ಯಾಟ್ ಮೇಲೆ ಉಜ್ಜಾಡಿ, ಮಣ್ಣಲ್ಲಿ ಹೊರಳಾಡಿ ಬಂದರೂ ಬಟ್ಟೆ ಹರಿಯಬೇಕೇ ಹೊರತು ಪ್ರಿಂಟ್ ಹೋಗುವುದಿಲ್ಲ.

ಇದನ್ನು ಇಷ್ಟು ಜೋರಾಗಿ ಹೇಳಲು ಕಾರಣ ನಾನೇ ತಿಂದ ಪೆಟ್ಟು. ಅಂಗಡಿ ಶುರು ಮಾಡಿದ ಹೊಸತು. ಒಂದು ಕಬಡ್ಡಿ ತಂಡದವರು ಕೆಂಪು ಡಾಟ್ ನಿಟ್ ಪಾಲಿಯೆಸ್ಟರಿನ ರೆಡಿ ಜರ್ಸಿ ತಂದು, ಬೆನ್ನಿಗೆ ಬಿಳಿ ನಂಬರ್ ಹಾಕಿಕೊಡಿ ಅಂದರು. ಮಾಮೂಲಿ ಪ್ಲಾಸ್ಟಿಸಾಲ್ ಬಿಳಿ ಎಳೆದೆ. ಜೋರು ಬಿಸಿ ಕೊಟ್ಟೆ. ಬಿಸಿ ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಕವರ್‌ಗೆ ತುಂಬಿದೆ. ಕೊಟ್ಟಾಗ ಹಾಲಿನಂಥ ಬಿಳುಪು. ಪಂದ್ಯದ ದಿನ ಬೆಳಗ್ಗೆ ನಾಯಕ ಫೋನ್ ಮಾಡಿ, "ಸಾರ್, ನಂಬರೆಲ್ಲ ಬಾತ್‌ರೂಮ್ ಟೈಲ್ಸ್ ಥರ ಪಿಂಕ್ ಆಗಿದೆ" ಅಂದ. ಬಿಸಿಗೆ ಪಾಲಿಯೆಸ್ಟರಿನ ಕೆಂಪು ಬಣ್ಣ ಮೇಲೆದ್ದು ಬಿಳಿ ಇಂಕ್ ಒಳಗೆ ಸೇರಿಕೊಂಡಿತ್ತು. ಆವತ್ತೇ ಗೊತ್ತಾಗುವುದಿಲ್ಲ, ನಿಧಾನವಾಗಿ ಏರುತ್ತದೆ. ಇಂಥ ಬಟ್ಟೆಗೆ ಕಡಿಮೆ ಬಿಸಿಗೆ ಆಗುವ ಇಂಕ್ ಬೇಕು, ಇಲ್ಲವೇ ಬಣ್ಣ ತಡೆಯುವ ಪದರ ಕೆಳಗೆ ಹಾಕಬೇಕು. ಕಡು ಬಣ್ಣದ ಪಾಲಿಯೆಸ್ಟರ್ ಮೇಲೆ ಡಿಟಿಎಫ್‌ಗೂ ಇದೇ ಭಯ ಇದೆ.

ಕಾಟನ್ ಮೇಲೆ ಸಬ್ಲಿಮೇಷನ್ ಹಾಕಿದರೆ ಏನಾಗುತ್ತೆ?

ಒಗೆದಾಗ ಹೋಗುತ್ತದೆ. ಕಪ್ಪು ಪಾಲಿಯೆಸ್ಟರ್ ಮೇಲೆ ಹಾಕಿದರೆ ಕಾಣುವುದೇ ಇಲ್ಲ. ಇದರಲ್ಲಿ ಬಿಳಿ ಇಂಕ್ ಅನ್ನುವುದೇ ಇಲ್ಲ, ಬಟ್ಟೆಯ ಬಿಳುಪೇ ಬಿಳುಪು.

ಬೆನ್ನ ಮೇಲೆ ಒಬ್ಬೊಬ್ಬರ ಹೆಸರು ಕನ್ನಡದಲ್ಲಿ ಬೇಕು. ವಿನೈಲ್ ಆಗುತ್ತಾ?

ಆಗುತ್ತದೆ, ಆದರೆ ಕನ್ನಡಕ್ಕೆ ತಾಳ್ಮೆ ಬೇಕು. ವಿನೈಲ್ ಹಾಳೆಯನ್ನು ಪ್ಲಾಟರ್ ಮೆಷಿನ್ ಅಕ್ಷರದ ಅಂಚಿಗೆ ಕತ್ತರಿಸುತ್ತದೆ. ಬೇಡದ ಭಾಗವನ್ನು ಚೂಪು ಕಡ್ಡಿಯಲ್ಲಿ ಕೈಯಾರೆ ಕೀಳಬೇಕು. ಇಂಗ್ಲಿಷಿನ ಒಂದಕ್ಷರ ಅಂದರೆ ಸಾಮಾನ್ಯವಾಗಿ ಒಂದೇ ತುಂಡು. ನಮ್ಮಲ್ಲಿ ಹಾಗಲ್ಲ. "ಮಂಜಣ್ಣ" ಅಂತ ಬರೆದರೆ ಸೊನ್ನೆ ಬೇರೆ ತುಂಡು, ಣ ಒತ್ತು ಎಷ್ಟೋ ಫಾಂಟ್‌ನಲ್ಲಿ ಬೇರೆ ತುಂಡು. ಬೇಡದ್ದನ್ನು ಎಳೆಯುವಾಗ ಬೇಕಾದ ಒತ್ತೂ ಅದರ ಜೊತೆ ಎದ್ದು ಬಂದುಬಿಡುತ್ತದೆ. ಆಮೇಲೆ "ಅಮ್ಮ" ಹೋಗಿ "ಅಮ" ಆಗುತ್ತದೆ.

ಹೆಸರುಗಳಿಗೆ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುವ ದಪ್ಪ ಫಾಂಟ್ ಆರಿಸಿ. ಬಾಲೂ ತಮ್ಮ ಅನ್ನುವ ಫಾಂಟ್ ಥರದ ದುಂಡು ದಪ್ಪ ಅಕ್ಷರ ಚೆನ್ನಾಗಿ ಕೂರುತ್ತದೆ, ಅದು ಉಚಿತವಾಗಿಯೂ ಸಿಗುತ್ತದೆ. ಒಂದೇ ಬಣ್ಣದ ನಂಬರ್ ಆದರೆ ವಿನೈಲ್‌ಗೆ ಈಗಲೂ ನನ್ನ ಓಟು. ಹೆಸರುಗಳು ಇಪ್ಪತ್ತು ದಾಟಿದರೆ ಡಿಟಿಎಫ್‌ಗೆ ಕಳಿಸಿ, ನಮ್ಮ ಹುಡುಗರ ಕಣ್ಣು ಉಳಿಯುತ್ತದೆ.

ಅಕ್ಷರ ಎಷ್ಟು ಚಿಕ್ಕದಾಗಿ ಹಾಕಬಹುದು?

ಇಂಗ್ಲಿಷಿಗೆ ಹೇಳುವ ಅಳತೆ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರದಲ್ಲಿ ಅರ್ಥ ಇರುವುದೇ ಪುಟ್ಟ ಗೀಟಿನಲ್ಲಿ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಸೀಳು. ಠ ಒಳಗೆ ಒಂದು ಚುಕ್ಕೆ. ಸ್ಕ್ರೀನ್‌ನಲ್ಲಿ ಇಂಕ್ ಸ್ವಲ್ಪ ಹರಡಿದರೆ ಠ ಒಳಗಿನ ಬಿಡುವು ಮುಚ್ಚಿಹೋಗುತ್ತದೆ. ಎಂಬ್ರಾಯ್ಡರಿಯಲ್ಲಿ ಹೊಟ್ಟೆ ಸೀಳಿದ ಷ ಹೋಗಿ ಪ ಆಗುತ್ತದೆ. ಹೊಸ ವರ್ಷ ಅಂತ ಬರೆಸಿದರೆ ಹೊಸ "ವರ್ಪ" ಬರುತ್ತದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಒತ್ತು ಬಿಟ್ಟು ಬರೀ ಅಕ್ಷರದ ಎತ್ತರ ಸ್ಕ್ರೀನ್, ಡಿಟಿಎಫ್‌ಗೆ 6 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಎಂಬ್ರಾಯ್ಡರಿಗೆ 10 ಇರಲಿ. ಕಣ್ಣಿಗೆ ಬೇಕಾದರೆ, ಫೈಲನ್ನು ಅದೇ ಅಳತೆಯಲ್ಲಿ ಎ4 ಹಾಳೆಗೆ ಮುದ್ರಿಸಿ ಎದೆಗೆ ಹಿಡಿದು, ಎದುರಿಗೆ ನಿಂತವರಿಗೆ ಓದಲು ಹೇಳಿ.

ನಾನು ಕಳಿಸಿದ ಫೈಲ್‌ನಲ್ಲಿ ಸರಿ ಇತ್ತು, ನಿಮ್ಮ ಕಂಪ್ಯೂಟರ್‌ನಲ್ಲಿ ಕನ್ನಡ ಒಡೆದಿದೆ. ಯಾಕೆ?

ಎರಡು ಕಾರಣ. ಒಂದು, ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಎರಡು, ಯೂನಿಕೋಡ್‌ನಲ್ಲೇ ಬರೆದಿದ್ದರೂ ಕೆಲವು ಡಿಸೈನ್ ಸಾಫ್ಟ್‌ವೇರ್‌ಗೆ ಒತ್ತಕ್ಷರ ಕೂಡಿಸಲು ಹೇಳಿಕೊಡಬೇಕು. ಇಲ್ಲದಿದ್ದರೆ "ರಾಜ್ಯೋತ್ಸವ" ಹೋಗಿ "ರಾಜ್‌ಯೋತ್‌ಸವ" ಆಗುತ್ತದೆ. ಅಡೋಬ್ ಇಲ್ಲಸ್ಟ್ರೇಟರ್ ಬಳಸುವವರು ಟೈಪ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಮಾಡಿಕೊಳ್ಳಿ.

ನಮಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ. ಆಗ ಅದು ಅಕ್ಷರ ಅಲ್ಲ, ಚಿತ್ರ. ಯಾವ ಕಂಪ್ಯೂಟರ್‌ನಲ್ಲೂ ಒಡೆಯುವುದಿಲ್ಲ. ಜೊತೆಗೆ ಒಂದು ಫೋಟೊ ಕೂಡ ಕಳಿಸಿ, ಹೋಲಿಸಿ ನೋಡಲು. ಕನ್ನಡ ಓದಲು ಬಾರದವರ ಹತ್ತಿರ ಮಾಡಿಸುವಾಗ, ಅದು ತಿರುಪ್ಪೂರೇ ಇರಲಿ, ಡಲ್ಲಾಸೇ ಇರಲಿ, ಇದು ಕಡ್ಡಾಯ. ಹೊರದೇಶದ ಕನ್ನಡ ಕೂಟದವರು ಆನ್‌ಲೈನ್ ಅಂಗಡಿಯ ಪೆಟ್ಟಿಗೆಯಲ್ಲಿ ನೇರ ಕನ್ನಡ ಟೈಪ್ ಮಾಡಬೇಡಿ. ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಹಾಕಿ.

ವಾಟ್ಸ್ಆ್ಯಪ್‌ನಲ್ಲಿ ಡಿಸೈನ್ ಕಳಿಸಿದರೆ ಸಾಕಾ?

ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರಿಂಟ್ ಆಗುವ ಅಳತೆಯಲ್ಲಿ ಇಂಚಿಗೆ 300 ಚುಕ್ಕಿ ಇದ್ದರೆ ಒಳ್ಳೆಯದು.

ಆಫೀಸಿನವರಿಗೆ ಕಾಲರ್ ಟೀ ಶರ್ಟ್. ಪ್ರಿಂಟ್ ಹಾಕಿಸಲೋ ಎಂಬ್ರಾಯ್ಡರಿಯೋ?

ಎಡ ಎದೆಯ ಮೇಲೆ ಮೂರಿಂಚಿನ ಲೋಗೊ ಆದರೆ ಎಂಬ್ರಾಯ್ಡರಿ. 220 ಜಿಎಸ್‌ಎಂ ಮೇಲಿನ ಮ್ಯಾಟಿ ಬಟ್ಟೆ (ಕಾಲರ್ ಟೀ ಶರ್ಟ್‌ಗೆ ಬಳಸುವ ಗುಳಿ ಗುಳಿ ಹೆಣಿಗೆ) ಅದನ್ನು ತಡೆದುಕೊಳ್ಳುತ್ತದೆ. ಹೊಲಿಗೆ ಎಷ್ಟು ಅನ್ನುವ ಲೆಕ್ಕದಲ್ಲಿ ರೇಟ್. ಮೊದಲ ಸಲ ಲೋಗೊವನ್ನು ಹೊಲಿಗೆಯ ಫೈಲ್ ಆಗಿ ಮಾಡಿಸಲು ಒಂದು ಖರ್ಚು ಬರುತ್ತದೆ. ಆ ಫೈಲ್ ಕೇಳಿ ಇಟ್ಟುಕೊಳ್ಳಿ, ಮುಂದಿನ ವರ್ಷಕ್ಕೆ ಬೇಕು. ಬಣ್ಣ ಒಂದರಿಂದ ಒಂದಕ್ಕೆ ತೇಲಿ ಹೋಗುವ ಲೋಗೊ ಆದರೆ ಬೇಡ, ದಾರಕ್ಕೆ ಅದು ಬರುವುದಿಲ್ಲ.

ಕೆಲವರು ಧಾರವಾಡ ಕಸೂತಿಯ ಗೋಪುರ, ತೇರು, ಆನೆ ಅಂಬಾರಿ ಚಿತ್ತಾರ ಹಾಕಿಕೊಡಿ ಅನ್ನುತ್ತಾರೆ. ಕಡು ನೀಲಿ ಬಟ್ಟೆಗೆ ಬಿಳಿ ಸ್ಕ್ರೀನ್‌ನಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ. ಆದರೆ ಮಾರುವಾಗ ಕಸೂತಿ ಅನ್ನಬೇಡಿ, ಕಸೂತಿ ಚಿತ್ತಾರದ ಪ್ರಿಂಟ್ ಅನ್ನಿ. ಎಳೆ ಎಣಿಸಿ ಕೈಯಲ್ಲಿ ಹಾಕುವ ಕೆಲಸ ಅದು, ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹೆಸರು.

ಮಗುವಿನ ನಾಮಕರಣಕ್ಕೆ ಪುಟಾಣಿ ಟೀ ಶರ್ಟ್ ಬೇಕು. ಯಾವುದು ಸೇಫ್?

ಬಿಳಿ ಅಥವಾ ತಿಳಿ ಬಣ್ಣದ ಕಾಟನ್, ನೀರಿನಲ್ಲಿ ಕಲಸುವ ಪಿಗ್ಮೆಂಟ್ ಇಂಕ್ ಅಥವಾ ಡಿಟಿಜಿ. ಮಕ್ಕಳು ಬಟ್ಟೆ ಬಾಯಿಗೆ ಹಾಕುತ್ತವೆ, ಅದಕ್ಕೆ ದಪ್ಪ ಪದರದ ಪ್ರಿಂಟ್ ಬೇಡ ಅನ್ನುತ್ತೇನೆ. ಇಂಕ್‌ನಲ್ಲಿ ಥ್ಯಾಲೇಟ್ (ಪ್ಲಾಸ್ಟಿಕ್ ಮೆತ್ತಗಾಗಲು ಸೇರಿಸುವ ರಾಸಾಯನಿಕ) ಇಲ್ಲವೇ ಅಂತ ಕೇಳಿ. ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯಾ ಅಂತ ಪರೀಕ್ಷಿಸುವ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಒಂದನೇ ದರ್ಜೆ ಅಂತ ಬೇರೆಯೇ ಇದೆ. ಎಂಬ್ರಾಯ್ಡರಿ ಬೇಡವೇ ಬೇಡ, ಒಳಗಿನ ಬ್ಯಾಕಿಂಗ್ ಎಳೆ ಚರ್ಮಕ್ಕೆ ಚುಚ್ಚುತ್ತದೆ. ಏನೇ ಹಾಕಿಸಿದರೂ ಒಮ್ಮೆ ಒಗೆದು ತೊಡಿಸಿ.

ನಟರ ಫೋಟೊ, ಐಪಿಎಲ್ ತಂಡದ ಲೋಗೊ ಹಾಕಿಕೊಡುತ್ತೀರಾ?

ಮಾರಾಟಕ್ಕೆ ಅಂದರೆ ಇಲ್ಲ. ಅನುಮತಿ ಪತ್ರ ತಂದರೆ ಖುಷಿಯಾಗಿ ಮಾಡಿಕೊಡುತ್ತೇವೆ.

ಪ್ರಿಂಟ್ ಗಟ್ಟಿಯಾಗಿದೆಯಾ ಅಂತ ಹೇಗೆ ಪರೀಕ್ಷೆ ಮಾಡಲಿ?

ಪೂರ್ತಿ ಆರ್ಡರ್‌ಗೆ ಮೊದಲು ಒಂದು ಸ್ಯಾಂಪಲ್ ಕೇಳಿ. ದುಡ್ಡು ಕೊಟ್ಟಾದರೂ ತಗೊಳ್ಳಿ. ಪ್ರಿಂಟ್ ಇರುವ ಜಾಗವನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ರಬ್ಬರ್ ಥರ ಹಿಗ್ಗಿ ವಾಪಸ್ ಬಂದರೆ ಸರಿ. ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟರೆ ಬಿಸಿ ಸಾಲದು. ಡಿಟಿಎಫ್ ಆದರೆ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಏಳಬಾರದು. ಆಮೇಲೆ ಮನೆಯಲ್ಲಿ ನೀವು ಹೇಗೆ ಒಗೆಯುತ್ತೀರೋ ಹಾಗೇ ಐದು ಸಲ ಒಗೆಯಿರಿ. ಜೋಪಾನ ಮಾಡಬೇಡಿ, ಅದು ಪರೀಕ್ಷೆ.

ಮಳೆಗಾಲದಲ್ಲಿ ಮಲೆನಾಡಿನ ಕಡೆ ನೀರಿನ ಇಂಕ್‌ನಲ್ಲಿ ಮಾಡಿಸಿದ್ದರೆ ಇದು ಇನ್ನೂ ಮುಖ್ಯ. ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒಳಗೆ ಹಸಿ ಇರುತ್ತದೆ.

ಒಗೆಯುವುದು ಹೇಗೆ?

ಮೊದಲ ದಿನ ಒಗೆಯಬೇಡಿ. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ. ಪ್ರಿಂಟ್ ಮೇಲೆ ಬ್ರಷ್ ಬೇಡ, ಕಲ್ಲಿಗೆ ಕುಕ್ಕುವುದು ಬೇಡ. ನೆರಳಲ್ಲಿ ಒಣಗಿಸಿ. ಇಸ್ತ್ರಿಯವರಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ. ಕೆಂಡದ ಇಸ್ತ್ರಿಪೆಟ್ಟಿಗೆ ಡಿಟಿಎಫ್ ಮೇಲೆ ಕೂತರೆ ಅದರ ತಳಕ್ಕೆ ನಿಮ್ಮ ಡಿಸೈನ್ ಅಂಟಿಕೊಳ್ಳುತ್ತದೆ.

ರಾಜ್ಯೋತ್ಸವಕ್ಕೆ ಯಾವಾಗ ಆರ್ಡರ್ ಕೊಡಬೇಕು? ಜಿಎಸ್‌ಟಿ ಎಷ್ಟು?

ಸೆಪ್ಟೆಂಬರ್ ಕೊನೆಗೇ ಬಟ್ಟೆ ಬುಕ್ ಮಾಡಿ. ಖಾಲಿ ಟೀ ಶರ್ಟ್ ನಮಗೆ ಬರುವುದು ಬಹುಪಾಲು ತಿರುಪ್ಪೂರಿನಿಂದ. ದೀಪಾವಳಿಗೆ ಅಲ್ಲಿಯ ಕೆಲಸಗಾರರು ಊರಿಗೆ ಹೊರಡುತ್ತಾರೆ, ಯೂನಿಟ್‌ಗಳು ಬಾಗಿಲು ಹಾಕುತ್ತವೆ. ದೀಪಾವಳಿ ಅಕ್ಟೋಬರ್ ಕೊನೆಯಲ್ಲಿ ಬಂದ ವರ್ಷ ಎಕ್ಸೆಲ್ ಸೈಜ್ ಕಪ್ಪು ಟೀ ಶರ್ಟ್‌ಗೆ ಹೊಡೆದಾಟ. ಜಿಎಸ್‌ಟಿ ವಿಷಯ: 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸ್‌ಗೆ 2500 ರೂಪಾಯಿವರೆಗಿನ ಉಡುಪಿಗೆ ಶೇಕಡ 5, ಅದಕ್ಕಿಂತ ಮೇಲೆ ಶೇಕಡ 18.

ಪ್ರಿಂಟ್ ಆದ ಮೇಲೆ ಕಾಗುಣಿತ ತಪ್ಪು ಸಿಕ್ಕಿತು. ಅಳಿಸಬಹುದಾ?

ಡಿಸ್ಚಾರ್ಜ್, ಸಬ್ಲಿಮೇಷನ್ ಆದರೆ ಆಗುವುದೇ ಇಲ್ಲ. ಡಿಟಿಎಫ್, ವಿನೈಲ್ ಬಿಸಿ ಮಾಡಿ ಕೀಳಬಹುದು, ಅಂಟಿನ ಕಲೆ ಉಳಿಯುತ್ತದೆ. ಸ್ಕ್ರೀನ್ ಆದರೆ ಚುಕ್ಕೆಯಷ್ಟು ತೆಗೆಯಬಹುದು, ಸಾಲುಗಟ್ಟಲೆ ಆಗುವುದಿಲ್ಲ.

ಸೇರಿಸುವುದು ಮಾತ್ರ ಸಾಧ್ಯ. ಒಂದು ಸಲ ಕಾಲೇಜಿನ ಹುಡುಗರ ಅರವತ್ತು ಟೀ ಶರ್ಟ್ ಬೆನ್ನ ಮೇಲೆ ಧಾರವಾಡ ಹೋಗಿ "ದಾರವಾಡ" ಆಗಿತ್ತು. ಅವರ ಫೈಲ್‌ನಲ್ಲೇ ಹಾಗಿತ್ತು, ನಾವೂ ನೋಡಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಅವರ ಬಸ್ಸು. ರಾತ್ರಿ ಹಳದಿ ವಿನೈಲ್‌ನಲ್ಲಿ ಅಕ್ಕಿಕಾಳಿನಷ್ಟು ಎಪ್ಪತ್ತು ಗೀಟು ಕತ್ತರಿಸಿದೆವು. ಹತ್ತು ಕಳೆದುಹೋಗುತ್ತವೆ ಅಂತ ಜಾಸ್ತಿ. ಚಿಮುಟದಲ್ಲಿ ಒಂದೊಂದನ್ನೇ ದ ಕೆಳಗೆ ಇಟ್ಟು, ಟೆಫ್ಲಾನ್ ಹಾಳೆ ಹಾಸಿ ಒತ್ತಿದೆವು. ಅರವತ್ತೂ ಮುಗಿದಾಗ ಬೆಳಗಿನ ಜಾವ ಐದೂವರೆ. ಆ ಹುಡುಗರಲ್ಲಿ ಒಬ್ಬ ಈಗಲೂ ಅದೇ ಟೀ ಶರ್ಟ್ ಹಾಕಿಕೊಂಡು ಅಂಗಡಿಗೆ ಬರುತ್ತಾನೆ. ಅಕ್ಷರವೆಲ್ಲ ಮಾಸಿದೆ, ಆ ಗೀಟು ಮಾತ್ರ ಹಾಗೇ ಮಿಂಚುತ್ತದೆ.